ಮೊಳೆಗೆ ನೇತುಹಾಕಿದ ಬೀಗದಕೈ

ವಿಲ್ಯಾಸೆರ್ನಾ
೧೭ ಮಾರ್ಚ್ ೧೯೭೪

ನಿಯೆವೆಸ್‌ಗೆ,

ಇದು ಕುಶಲ ಕೇಳುವ ಪತ್ರವಲ್ಲ. ನಾನು ಬದುಕಿದ್ದೇನೆ ಎಂಬುದು ಪತ್ರ ಕೈಗೆ ಸಿಕ್ಕ ಕೂಡಲೇ ನಿನಗೆ ಗೊತ್ತಾಗುತ್ತದೆ. ವಿಳಾಸ ಕೊಟ್ಟವನು ನಿನ್ನ ತಮ್ಮ ಎಲಿಸೆಯೊ. ಕುಲುಮೆಯ ಮುಂದೆ ಸುತ್ತಿಗೆ ಎತ್ತಿದವನು ಎತ್ತಿದ ಹಾಗೇ ನಿಂತುಬಿಟ್ಟ. "ಅಕ್ಕಂಗೆ ಬರೀತೀಯಾ? ನೀನಾ?" ಅಂದ. "ಹೂಂ, ನಾನೇ. ಕೈಯಿದೆ, ಪೆನ್ನಿದೆ. ನಿಂಗೇನೋ ಕಷ್ಟ?" ಅಂದೆ.

ಒಂದೇ ಒಂದು ಪ್ರಶ್ನೆ ಕೇಳಬೇಕಾಗಿದೆ. ನಾವು ಚಿಕ್ಕವರಿದ್ದಾಗ, ನಮ್ಮೂರ ಸಂತ ಸಾನ್ ಪೆಲಾಯೊನ ಹಬ್ಬಕ್ಕೆ ಮುಂಚೆ, ಇಗರ್ಜಿಯ ಬಲಿಪೀಠದ ಹಿಂದಿನ ಮರದ ಮಂಟಪದ ಬೆನ್ನಿನ ಧೂಳು ಹೊಡೆಯಲು ನಮ್ಮಿಬ್ಬರನ್ನು ಕಳಿಸಿದರಲ್ಲ. ಮಂಟಪಕ್ಕೂ ಗೋಡೆಗೂ ನಡುವಿನ ಸಂದಿಯಲ್ಲಿ ತೂರುವಷ್ಟು ಸಣಕಲು ಹುಡುಗಿಯರು ಊರಲ್ಲಿ ನಾವಿಬ್ಬರೇ. ನೀನು ಮೇಣದಬತ್ತಿ ಹಿಡಿದಿದ್ದೆ, ನಾನು ಪೊರಕೆ. ಕೆಳಗೆ, ಥಂಡಿಗೆ ಗಾರೆ ಉದುರಿದ್ದ ಜಾಗದಲ್ಲಿ, ನಾಲ್ಕು ಪಾದಗಳನ್ನು ನೋಡಿದೆವು. ಬಣ್ಣದ ಪಾದಗಳು. ಕೆಂಪು, ಚೂಪು ಮೂತಿಯ ಮೆಟ್ಟು ಹಾಕಿಕೊಂಡ ಪಾದಗಳು. ಮುಂದಿನ ವರ್ಷದ ಹೊತ್ತಿಗೆ, ಬಿಷಪ್ಪರು ಬರುತ್ತಾರೆಂದು ಆ ಜಾಗಕ್ಕೆ ಗಾರೆ ಮೆತ್ತಿ ಸುಣ್ಣ ಬಳಿದುಬಿಟ್ಟಿದ್ದರು.

ನೋಡಿದೆವೋ, ಇಲ್ಲವೋ? ನಾನು ಕಂಡದ್ದು ಕನಸಾಗಿದ್ದರೆ ಅದನ್ನೂ ನೇರವಾಗಿ ಹೇಳು. ಊರಿಗೆ ಊರೇ ನನಗೆ ತಲೆ ಕೆಟ್ಟಿದೆ ಎನ್ನುತ್ತಿದೆ, ನನ್ನ ಗಂಡ ತೀರ್ಸೊನೂ ಸೇರಿಕೊಂಡು. ಆ ಸಂದಿಯಲ್ಲಿ ಇದ್ದವರು ನಾವಿಬ್ಬರೇ. ನಿನ್ನನ್ನು ಬಿಟ್ಟು ಬೇರೆ ಯಾರನ್ನಾದರೂ ಕೇಳುವಂತಿದ್ದರೆ ಅವರನ್ನೇ ಕೇಳುತ್ತಿದ್ದೆ.

ಉತ್ತರಕ್ಕೆ ಅಂಚೆಚೀಟಿ ಒಳಗಿಟ್ಟಿದ್ದೇನೆ. ನಿನಗೆ ನೆಪ ಸಿಗಬಾರದು ನೋಡು.

ಕಸಿಲ್ದಾ


ಬಾರ್ಸೆಲೋನಾ
೨೫ ಮಾರ್ಚ್ ೧೯೭೪

ಪ್ರೀತಿಯ ಕಸಿಲ್ದಾ,

ನೋಡಿದೆವು.

ಇಷ್ಟನ್ನೇ ಬರೆದು ಅಂಚೆಗೆ ಹಾಕಿಬಿಡೋಣ, ನಿನಗೆ ಬೇಕಾದದ್ದು ಅಷ್ಟೇ ಎಂದುಕೊಂಡೆ. ಕೈ ನಿಲ್ಲುತ್ತಿಲ್ಲ. ನಾಲ್ಕು ಪಾದ, ಕೆಂಪು ಮೆಟ್ಟು, ಮೂತಿ ಚೂಪು. ಅದು ಮೆಟ್ಟು ಹಾಕಿಕೊಂಡ ದೆವ್ವದ ಕತ್ತೆ ಎಂದು ನೀನು. ಅಲ್ಲ, ರಾಜನ ಕುದುರೆ ಎಂದು ನಾನು. ನೀನು ನನ್ನ ಜಡೆ ಎಳೆದೆ. ಮೇಣ ನನ್ನ ಮಣಿಕಟ್ಟಿನ ಮೇಲೆ ಸುರಿಯಿತು. ಸುಟ್ಟ ಕಲೆ ಈಗಲೂ ಇದೆ. ಯಾರಾದರೂ ನಿನಗೆ ತಲೆ ಕೆಟ್ಟಿದೆ ಅಂದರೆ ಬಾರ್ಸೆಲೋನಾಕ್ಕೆ ಬಂದು ನನ್ನ ಕೈ ನೋಡಲಿ.

ಎಲಿಸೆಯೊ ಹೇಳಿದ್ದಾನೋ ಇಲ್ಲವೋ, ಗಂಡ ಅನ್ಸೆಲ್ಮೊ ತೀರಿಕೊಂಡ ಮೇಲೆ ನಾನು ಇಲ್ಲಿ ಒಂದು ಮ್ಯೂಸಿಯಮ್ಮಿನಲ್ಲಿ ನೆಲ ಒರೆಸುವ ಕೆಲಸಕ್ಕೆ ಸೇರಿದೆ. ಬೆಟ್ಟದ ಹಳ್ಳಿಗಳ ಹಳೆಯ ಇಗರ್ಜಿಗಳ ಗೋಡೆಯಿಂದ ಚಿತ್ರಗಳನ್ನು ಬಟ್ಟೆಗೆ ಅಂಟಿಸಿ ಕಿತ್ತು ತಂದು ಇಲ್ಲಿ ನಿಲ್ಲಿಸಿದ್ದಾರೆ. ಮುಂದೆ ನಿಂತರೆ ಸಾಕ್ಷಾತ್ ಇಗರ್ಜಿ. ಹಿಂದೆ ಹೋದರೆ ಕೋಳಿಗೂಡಿನ ಹಾಗೆ ಮರದ ಪಟ್ಟಿಗಳು. ಮೊದಲನೆಯ ದಿನ ಬಕೆಟ್ಟು ಹಿಡಿದು ಒಳಗೆ ಬಂದವಳು ಒಬ್ಬ ಸಂತನ ಪಾದ ನೋಡಿ ಹಾಗೇ ನಿಂತೆ. ಅದೇ ಮೆಟ್ಟು ಕಣೇ! ಅಂದಿನಿಂದ ದಿನಾ ಬೆಳಗ್ಗೆ ಆ ಜಾಗ ಒರೆಸುವಾಗ ನಿನ್ನ ನೆನಪಾಗುತ್ತದೆ. ಬರೆಯಲು ಮುಖವಿರಲಿಲ್ಲ. ನೀನು ಬರೆದೆ. ನಿನಗೆ ಪುಣ್ಯ ಬರಲಿ.

ಅಲ್ಲಿ ಏನಾಗುತ್ತಿದೆ? ಯಾಕೆ ಕೇಳಿದೆ? ಯಾರ ಕೈಯಲ್ಲಾದರೂ ಉಳಿಯಿದ್ದರೆ ಕೆಳಗಿಡಿಸು.

ನಿನ್ನ ನಿಯೆವೆಸ್

ಅಂಚೆಚೀಟಿಯನ್ನು ಹಿಂದಕ್ಕೆ ಕಳಿಸಿದ್ದೇನೆ. ನಿನಗೂ ನೆಪ ಸಿಗಬಾರದು.


ವಿಲ್ಯಾಸೆರ್ನಾ
೩ ಏಪ್ರಿಲ್ ೧೯೭೪

ನಿಯೆವೆಸ್,

ನಿನ್ನ ಪತ್ರವನ್ನು ತೀರ್ಸೊನ ಮೂಗಿನ ಮುಂದೆ ಹಿಡಿದು ಗಟ್ಟಿಯಾಗಿ ಓದಿದೆ. "ಇಬ್ಬರು ಹುಚ್ಚಿಯರು ಒಂದೇ ಕನಸು ಕಾಣಬಾರದು ಅಂತೇನಿಲ್ಲ" ಅಂದ. ಆವತ್ತು ಅವನಿಗೆ ಬರೀ ಬೆಳ್ಳುಳ್ಳಿ ಸಾರು, ಅದಕ್ಕೆ ಮೊಟ್ಟೆಯೂ ಇಲ್ಲ.

ಮೊದಲಿಂದ ಹೇಳುತ್ತೇನೆ. ಹೋದ ಶರತ್ಕಾಲದಲ್ಲಿ ನಮಗೆ ಹೊಸ ಪಾದ್ರಿ ಬಂದರು, ಡಾನ್ ಅಬೀಲಿಯೊ. ಇನ್ನೂ ಚಿಕ್ಕ ವಯಸ್ಸು. ಮೋಟಾರುಬೈಕಿನಲ್ಲಿ ನಾಲ್ಕು ಊರು ಸುತ್ತುತ್ತಾರೆ. ಮನುಷ್ಯ ಕೆಟ್ಟವರಲ್ಲ, ಆದರೆ ಯಾವುದೋ ಪತ್ರಿಕೆಯಲ್ಲಿ ಬಣ್ಣದ ಫೋಟೋ ನೋಡಿಬಿಟ್ಟಿದ್ದಾರೆ. ಸುಣ್ಣವಿಲ್ಲದ, ಬರೀ ಕಲ್ಲು ಕಾಣುವ ಹಳೆಯ ಇಗರ್ಜಿ. ಅಲ್ಲಿಗೆ ಕಾರಿನಲ್ಲಿ ಜನ ಬರುತ್ತಾರಂತೆ. ನಮ್ಮದೂ ಅದೇ ಕಾಲದ್ದು, ಅದಕ್ಕಿಂತ ಚೆಂದದ್ದು, ಸುಣ್ಣದ ಹೊದಿಕೆ ತೆಗೆದರೆ ಸಾಕು ಎಂದು ಊರ ಸಭೆಯಲ್ಲಿ ಹೇಳಿದರು. "ಕಲ್ಲು ಉಸಿರಾಡ್ಬೇಕು ಕಣಮ್ಮಾ" ಎಂದು ನನಗೆ ಬೇರೆ ಪಾಠ. "ಎಂಟುನೂರು ವರ್ಷ ಉಸಿರು ಕಟ್ಕೊಂಡೇ ನಿಂತಿದೆಯಲ್ಲ ಸ್ವಾಮಿ, ಸತ್ತಿಲ್ವಲ್ಲ" ಅಂದೆ. ಎಲ್ಲರೂ ನಕ್ಕರು. ನಕ್ಕವರೆಲ್ಲ ಅವರಿಗೇ ಕೈ ಎತ್ತಿದರು.

ಮೊದಲು ಮರದ ಮಂಟಪವನ್ನು ಕಿತ್ತು ಪಕ್ಕದ ಗೋಡೆಗೆ ಒರಗಿಸಿದರು. ಗೆದ್ದಲು ಹಿಡಿದಿತ್ತು, ಅದಕ್ಕೆ ನಾನೇನೂ ಅನ್ನಲಿಲ್ಲ. ಆಮೇಲೆ ಗಂಟೆ ಹೊಡೆದು ಊರಗೆಲಸಕ್ಕೆ ಕರೆದರು, ಮನೆಗೊಂದು ಆಳು. ಒಂದು ಶನಿವಾರಕ್ಕೆ ಉತ್ತರದ ಗೋಡೆ ಪೂರ್ತಿ ಬೋಳಾಯಿತು. ಗಂಡಸರು ಕೆತ್ತಿದರು, ಹೆಂಗಸರು ಗುಡಿಸಿದೆವು. ನಾನೂ ಗುಡಿಸಿದೆ. ಬುಟ್ಟಿಯಲ್ಲಿ ಕೆಂಪು ಅಂಟಿದ ಚಕ್ಕೆಗಳಿದ್ದವು. ಇಟ್ಟಿಗೆ ಪುಡಿ ಅಂದರು, ನಾನೂ ಹೌದೆಂದುಕೊಂಡೆ. ಎಲ್ಲವನ್ನೂ ಕಣದ ದಾರಿಯ ಗುಂಡಿಗಳಿಗೆ ಸುರಿದು ತುಳಿದು ಗಟ್ಟಿ ಮಾಡಿದೆವು. ಕೆಲಸ ಎಷ್ಟು ಚೊಕ್ಕ ಆಯಿತು ಎಂದು ಬೀಗಿದೆವು ಬೇರೆ.

ಮುಂದಿನ ಶನಿವಾರ ನಿನ್ನ ತಮ್ಮ ಏಣಿ ಹತ್ತಿ ಬಲಿಪೀಠದ ಹಿಂದಿನ ಕಮಾನುಗೋಡೆಗೆ ಉಳಿ ಇಟ್ಟ. ನಾಲ್ಕೈದು ಏಟು ಬಿತ್ತು. ಗಾರೆಯ ಒಳಗಿಂದ ಒಂದು ಕೆಂಪು ಗೆರೆ, ಅದರ ಪಕ್ಕಕ್ಕೇ ನೀಲಿ. ಇಟ್ಟಿಗೆ ಎಲ್ಲಾದರೂ ನೀಲಿ ಇರುತ್ತದೆಯೇ? ನನಗೆ ಆ ಪಾದಗಳು ನೆನಪಾದವು. "ಊಟ ಆರೋಗತ್ತೆ, ಇಳೀರೋ ಎಲ್ಲಾ! ಕಲ್ಲೇನು ಓಡಿಹೋಗಲ್ಲ" ಎಂದು ಕೂಗಿದೆ. ಊಟದ ಮಾತಿಗೆ ನಮ್ಮ ಗಂಡಸರು ಎಂದಾದರೂ ಇಲ್ಲವೆಂದದ್ದುಂಟೇ? ಕೊನೆಯವನು ಹೊರಗೆ ಕಾಲಿಟ್ಟದ್ದೇ ಬಾಗಿಲು ಎಳೆದು ಬೀಗ ಹಾಕಿದೆ.

ಬಾಯಿ ಒರೆಸಿಕೊಂಡು ಎಲ್ಲರೂ ವಾಪಸು ಬಂದರು.

"ಬೀಗದಕೈ ಕೊಡೀಮ್ಮಾ" ಅಂದರು ಡಾನ್ ಅಬೀಲಿಯೊ.

"ಕೊಡೋಕೆ ಅದು ನಂದಲ್ಲ ಸ್ವಾಮಿ."

"ಮತ್ಯಾರದು?"

"ನಿಯೆವೆಸ್‌ದು."

"ಯಾರವರು?"

"ಬಾರ್ಸೆಲೋನಾದಲ್ಲಿದಾಳೆ. ಅವಳು ಕೊಡು ಅಂದ್ರೆ ಕೊಡ್ತೀನಿ."

ನಿನಗೆ ಹೇಳಬೇಕೆ? ನಮ್ಮಲ್ಲಿ ಬೀಗದಕೈ ಸಾನ್ ಪೆಲಾಯೊ ದಿನ ಮನೆಯಿಂದ ಮನೆಗೆ ಹೋಗುತ್ತದೆ. ಕೊಡುವವಳು ಇಗರ್ಜಿಯ ಹೊಸ್ತಿಲ ಒಳಗೆ, ತೆಗೆದುಕೊಳ್ಳುವವಳು ಹೊರಗೆ. "ಇದ್ದದ್ದು ಇದ್ದ ಹಾಗೇ ಇದೆ" ಎಂದು ಒಬ್ಬಳು, "ಇದ್ದ ಹಾಗೇ ಇರಿಸ್ತೀನಿ" ಎಂದು ಇನ್ನೊಬ್ಬಳು. ಆಮೇಲೆ ಇಬ್ಬರೂ ಒಂದೇ ರೊಟ್ಟಿ ಮುರಿದು ತಿನ್ನಬೇಕು. ಆ ಮಾತು ಆಗದೆ ಬೀಗದಕೈ ಕೈ ಬದಲಾದ ಲೆಕ್ಕವಿಲ್ಲ. ನನಗೆ ಅದನ್ನು ಯಾರು ಕೊಟ್ಟರು? ಹದಿನೆಂಟು ವರ್ಷದ ಹಿಂದೆ ಒಂದು ಬೆಳಗ್ಗೆ ಬಾಗಿಲು ತೆಗೆದರೆ ನಮ್ಮ ಮನೆಯ ಮೊಳೆಗೆ ನೇತಾಡುತ್ತಿತ್ತು. ನೀನು ಬಸ್ಸು ಹತ್ತಿ ಆಗಿತ್ತು. "ನಾನು ಕಾಯ್ತಿರೋಳು ಅಷ್ಟೆ, ನಂಗ್ಯಾರೂ ಕೊಟ್ಟಿಲ್ಲ" ಎಂದು ಅಂದಿನಿಂದ ಇಂದಿನವರೆಗೆ ಕಂಡಕಂಡವರಿಗೆಲ್ಲ ಹೇಳಿದ್ದೇನೆ. ನಿನ್ನನ್ನು ಬೈಯಲೆಂದೇ ಹೇಳಿದ್ದು, ಸುಳ್ಳೇಕೆ? ಮುಂದಿನ ಮನೆಗೂ ಕೊಡಲಿಲ್ಲ. ಸರದಿ ನನ್ನ ಹತ್ತಿರವೇ ನಿಂತುಹೋಯಿತು. ಊರವರಿಗೆ ಆ ಮಾತು ಬಾಯಿಪಾಠ. ಈಗ ಹೇಗೆ ಇಲ್ಲವೆನ್ನುತ್ತಾರೆ? ಕೊನೆಗೆ ಎಲಿಸೆಯೊನೇ ಟೋಪಿ ತೆಗೆದು, "ಅದು ಹೌದು ಸ್ವಾಮಿ. ಬೀಗದಕೈ ನಮ್ಮಕ್ಕಂದೇ" ಅಂದ. ಪಾದ್ರಿಗಳು ಹಣೆ ಒತ್ತಿಕೊಂಡರು.

ಅವರು ನಿನಗೆ ಬರೆಯುತ್ತಾರೆ. ಒಳ್ಳೆಯ ಮಾತು ಬಲ್ಲವರು, ಮರುಳಾಗಬೇಡ.

ಕಸಿಲ್ದಾ


ವಿಲ್ಯಾಸೆರ್ನಾ
೮ ಏಪ್ರಿಲ್ ೧೯೭೪

ಮಾನ್ಯ ಶ್ರೀಮತಿ ನಿಯೆವೆಸ್ ಅವರಿಗೆ,

ತಮಗೆ ನನ್ನ ಪರಿಚಯವಿಲ್ಲ. ನಾನು ತಮ್ಮ ಊರಿನ ಪಾದ್ರಿ. ಸದ್ಯ ನನ್ನದೇ ಇಗರ್ಜಿಯೊಳಗೆ ಶ್ರೀಮತಿ ಕಸಿಲ್ದಾ ಅವರ ಅಪ್ಪಣೆಯಿಲ್ಲದೆ ಕಾಲಿಡಲಾರದ ಪಾದ್ರಿ. ಪೂಜೆಯ ಹೊತ್ತಿಗೆ ಬಂದು ಬಾಗಿಲು ತೆಗೆಯುತ್ತಾರೆ, ಮುಂದಿನ ಬೆಂಚಿನಲ್ಲಿ ಕಾಲುಚೀಲ ಹೆಣೆಯುತ್ತ ನನ್ನ ಕೈಗಳನ್ನೇ ನೋಡುತ್ತಾರೆ, ಪೂಜೆ ಮುಗಿದೊಡನೆ ನನ್ನನ್ನು ಹೊರಗೆ ಕಳಿಸಿ ಬೀಗ ಹಾಕುತ್ತಾರೆ. ಧರ್ಮಸಭೆಯ ಕಾನೂನು ಪುಸ್ತಕಗಳನ್ನು ಹುಡುಕಿದೆ. ಬಾಗಿಲ ಮೊಳೆಯ ಬಗ್ಗೆ ಅವುಗಳಲ್ಲಿ ಏನೂ ಇಲ್ಲ.

ನಾನು ಒಡೆಯಲು ಬಂದವನೆಂದು ತಿಳಿಯಬೇಡಿ. ಮೊದಲ ಸಲ ಇಲ್ಲಿಗೆ ಬಂದ ದಿನ ಬೈಕು ನಿಲ್ಲಿಸಿ ಎಷ್ಟೋ ಹೊತ್ತು ಹೊರಗೇ ನಿಂತಿದ್ದೆ. ಹೊಲಗಳ ನಡುವೆ ಅಷ್ಟು ಚಿಕ್ಕ ಕಟ್ಟಡ, ಆದರೆ ಗೋಡೆಗಳು ಕೋಟೆಗಿರುವಷ್ಟು ದಪ್ಪ. ಕಮಾನುಗೋಡೆಯಲ್ಲಿ ಒಂದೇ ಒಂದು ಸೀಳುಕಿಟಕಿ, ಹೊರಗೆ ಅಂಗೈಯಗಲ, ಒಳಗೆ ತೋಳಗಲ. ಬೆಳಗಿನ ಬಿಸಿಲು ಅದರಲ್ಲಿ ತೂರಿ ಬಲಿಪೀಠದ ಮೇಲೆಯೇ ಬೀಳುತ್ತದೆ. ಸೂರಿನ ಕೆಳಗೆ ಸಾಲಾಗಿ ಚಾಚಿದ ಕಲ್ಲುಮುಖಗಳು: ಪೀಪಾಯಿ ಹೊತ್ತವನು, ಲಾಗ ಹಾಕುವವನು, ಬಾಯಿ ತೆರೆದು ಕೂಗುವ ಹೆಂಗಸು. ಕೊನೆಯ ಮುಖಕ್ಕೆ ಮಕ್ಕಳು ಯಾರ ಹೆಸರಿಟ್ಟಿದ್ದಾರೆಂದು ತಾವೇ ಊಹಿಸಬಲ್ಲಿರಿ. ಯಾವ ಶಿಲ್ಪಿಯೋ, ಎಲ್ಲಿಂದ ಬಂದನೋ. ಬಾಗಿಲ ಕಲ್ಲಿನ ಮೇಲೆ ಅವನ ಒಂದು ಗುರುತು ಇದೆ, ಹೆಸರಿಲ್ಲ. ಅಂಥ ಕಟ್ಟಡ ಸೋರುತ್ತಿದೆ. ಸೂರು ಇನ್ನು ಎರಡು ಚಳಿಗಾಲ ತಡೆದರೆ ಹೆಚ್ಚು. ನಾಲ್ಕು ಜನ ಬಂದು ನೋಡುವಂತಾದರೆ ಸೂರಿಗೆ ನೆರವು ಸಿಗುತ್ತದೆ, ಇಲ್ಲದಿದ್ದರೆ ಬಾಗಿಲು ಮುಚ್ಚಿ ಪಕ್ಕದ ಊರಿಗೆ ಹೋಗಿ ಎನ್ನುತ್ತಾರೆ. ನನ್ನ ಅವಸರಕ್ಕೆ ಕಾರಣ ಇಷ್ಟೇ.

ಈಸ್ಟರ್ ಮುಗಿದ ಮೇಲೆ ಕೆಲಸ ಮುಂದುವರಿಯಬೇಕು. ಬೀಗದಕೈ ಕೊಡುವಂತೆ ಅವರಿಗೆ ದಯವಿಟ್ಟು ಒಂದು ಮಾತು ಬರೆಯಿರಿ.

ತಮ್ಮ ವಿಶ್ವಾಸಿ,
ಅಬೀಲಿಯೊ, ಪಾದ್ರಿ


ಬಾರ್ಸೆಲೋನಾ
೧೬ ಏಪ್ರಿಲ್ ೧೯೭೪

ಪೂಜ್ಯ ಡಾನ್ ಅಬೀಲಿಯೊ ಅವರಿಗೆ,

ನಿಮ್ಮ ಪತ್ರ ಓದಿ ಸಂತೋಷವಾಯಿತು. ಊರಿನ ಕಲ್ಲುಮುಖಗಳನ್ನು ನೀವು ಅಷ್ಟು ಪ್ರೀತಿಯಿಂದ ನೋಡಿದ್ದೀರಿ, ಅದಕ್ಕೆ ವಂದನೆ. ಬೀಗದಕೈ ಮಾತ್ರ ಕೊಡಲಾರೆ.

ಇಲ್ಲಿ ಹಳೆಯ ಚಿತ್ರಗಳನ್ನು ರಿಪೇರಿ ಮಾಡುವ ಡೊನ್ಯಾ ಎರ್ಮಿನಿಯಾ ಎಂಬವರಿದ್ದಾರೆ. ಅವರ ಕೋಣೆಗೆ ಬಕೆಟ್ಟು ಹಿಡಿದೇ ಹೋಗಿ ಕೆಂಪು ಮೆಟ್ಟಿನ ವಿಷಯ ಹೇಳಿದೆ. ನಗುತ್ತಾರೆಂದುಕೊಂಡಿದ್ದೆ. ಕನ್ನಡಕ ತೆಗೆದಿಟ್ಟು, "ಯಾವೂರು? ಯಾರೂ ಮುಟ್ಟಬಾರದು ಅಂತ ಇವತ್ತೇ ಬರೀರಿ" ಅಂದರು. ಮೇ ತಿಂಗಳ ರಜೆಯಲ್ಲಿ ಅವರೇ ಬರುತ್ತಾರೆ. ಉಳಿಯಲು ಒಂದು ಕೋಣೆ ಸಾಕು, ಕಸಿಲ್ದಾಳ ಅಡುಗೆಯ ಬಗ್ಗೆ ನಾನಾಗಲೇ ಹೇಳಿದ್ದೇನೆ.

ಬೀಗದಕೈ ನನ್ನದಾದ್ದರಿಂದ ನನ್ನದೊಂದು ಷರತ್ತಿದೆ. ಗೋಡೆಯಲ್ಲಿ ಏನೇ ಸಿಗಲಿ, ಅದು ಗೋಡೆಯಲ್ಲೇ ಇರಬೇಕು. ಇಲ್ಲಿಗೆ ಬಂದ ಚಿತ್ರಗಳು ಬೆಚ್ಚಗೆ ಇವೆ, ಮಳೆ ತಾಗುವುದಿಲ್ಲ, ಕಳ್ಳರ ಭಯವಿಲ್ಲ. ಅವು ಉಳಿದದ್ದೇ ಇಲ್ಲಿಗೆ ಬಂದದ್ದರಿಂದ ಎಂದು ಡೊನ್ಯಾ ಎರ್ಮಿನಿಯಾ ಹೇಳುತ್ತಾರೆ, ನಿಜವೂ ಇರಬಹುದು. ಆದರೆ ಇಷ್ಟು ವರ್ಷದಲ್ಲಿ ಅವುಗಳ ಮುಂದೆ ಮೊಣಕಾಲೂರಿದವಳು ನಾನೊಬ್ಬಳೇ, ಅದೂ ನೆಲ ಒರೆಸಲು. ನಮ್ಮ ಊರಿನದಕ್ಕೆ ಆ ಗತಿ ಬೇಡ. ಡೊನ್ಯಾ ಎರ್ಮಿನಿಯಾ ಒಪ್ಪಿ ಮಾತು ಕೊಟ್ಟಿದ್ದಾರೆ. ನೀವೂ ಕೊಡಿ.

ಆಶೀರ್ವಾದ ಬೇಡುವ,
ನಿಯೆವೆಸ್


ವಿಲ್ಯಾಸೆರ್ನಾ
೩೦ ಮೇ ೧೯೭೪

ನಿಯೆವೆಸ್,

ಕೂತುಕೊಂಡು ಓದು.

ಗೋಡೆಯದು ಗೋಡೆಯಲ್ಲೇ ಎಂದು ಡಾನ್ ಅಬೀಲಿಯೊ ಮಾತು ಕೊಟ್ಟರು, ನಿನ್ನ ಡೊನ್ಯಾ ಎರ್ಮಿನಿಯಾ ಬಂದರು. ಗಂಡಸರ ಪ್ಯಾಂಟು ಹಾಕಿಕೊಂಡು ಬಸ್ಸಿನಿಂದ ಇಳಿದದ್ದೇ ನಮ್ಮ ಹೆಂಗಸರಿಗೆ ಒಂದು ವಾರಕ್ಕಾಗುವಷ್ಟು ಮಾತು ಸಿಕ್ಕಿತು. ಮಾತು ಕಡಿಮೆ, ತಿನ್ನುವುದು ಚೆನ್ನಾಗಿ ತಿನ್ನುತ್ತಾರೆ. ಉಳಿಯಿಲ್ಲ, ಸುತ್ತಿಗೆಯಿಲ್ಲ, ಒಂದು ಚೂಪು ಕತ್ತಿ, ಒಂದಿಷ್ಟು ಹತ್ತಿ, ಅಷ್ಟೇ. "ಎಲ್ಲಿ ನೋಡಿದ್ರಿ?" ಅಂದರು. ತೋರಿಸಿದೆ. ಅಲ್ಲೇ ಚಾಪೆ ಹಾಕಿ ಮಗುವಿನ ಕಿವಿ ತೊಳೆಯುವ ಹಾಗೆ ಗೋಡೆಯನ್ನು ಬಿಡಿಸತೊಡಗಿದರು. ಸುಣ್ಣದ ಒಳಗೆ ಸುಣ್ಣ, ಅದರ ಒಳಗೆ ಇನ್ನೊಂದು ಸುಣ್ಣ. ಯಾವುದೋ ಮಾರಿಬೇನೆಯ ಕಾಲದಲ್ಲಿ ಮೊದಲ ಸಲ ಬಳಿದಿರಬೇಕು ಅಂದರು. ಆಮೇಲೆ ಹಬ್ಬಹಬ್ಬಕ್ಕೂ ನಮ್ಮಜ್ಜಿಯರು ಬಳಿದರು. ಚೊಕ್ಕಟ ನಮ್ಮ ರಕ್ತದಲ್ಲೇ ಇದೆಯಲ್ಲ.

ಮೊದಲು ಒಂದು ಮೆಟ್ಟು ಬಂತು. ಕೆಂಪು, ಚೂಪು ಮೂತಿ. ಊರೆಲ್ಲ ಸೇರಿತ್ತು. ತೀರ್ಸೊ ಟೋಪಿ ತೆಗೆದು "ಮೆಟ್ಟು!" ಅಂದ. ಮನೆಗೆ ಬಂದು ಯಾರೂ ಹೇಳದೆ ಆಲೂಗೆಡ್ಡೆ ಸಿಪ್ಪೆ ತೆಗೆದುಕೊಟ್ಟ. ನಮ್ಮ ಮನೆಯಲ್ಲಿ ಕ್ಷಮೆ ಕೇಳುವುದು ಹಾಗೆ.

ಆಮೇಲೆ ಎರಡನೆಯದು, ಮೂರನೆಯದು, ನಾಲ್ಕನೆಯದು. ಎರಡು ಈ ಕಡೆ ತಿರುಗಿದ್ದು, ಎರಡು ಆ ಕಡೆ. ನಿನ್ನ ರಾಜನ ಕುದುರೆಯೂ ಅಲ್ಲ, ನನ್ನ ದೆವ್ವದ ಕತ್ತೆಯೂ ಅಲ್ಲ ಕಣೇ. ಇಬ್ಬರು ಹೆಂಗಸರು. ಒಬ್ಬಳ ಲಂಗ ಕಾವಿ ಬಣ್ಣ, ಇನ್ನೊಬ್ಬಳದು ನೀಲಿ. ಮೇಲಕ್ಕೆ ಹೋದಂತೆ ಕೈಗಳು ಬಂದವು, ಒಬ್ಬಳ ಕೈ ಇನ್ನೊಬ್ಬಳ ಬೆನ್ನ ಮೇಲೆ. ಕೆನ್ನೆಗೆ ಕೆನ್ನೆ ಕೊಟ್ಟು ತಬ್ಬಿಕೊಂಡಿದ್ದಾರೆ. ಗರ್ಭಿಣಿ ಮರಿಯಮ್ಮನವರು ಬೆಟ್ಟ ಹತ್ತಿ ನೆಂಟರಾದ ಎಲಿಜಬೆತಮ್ಮನವರ ಮನೆಗೆ ಹೋದದ್ದು. ಡಾನ್ ಅಬೀಲಿಯೊ ಅಲ್ಲೇ ನಿಂತು ಬೈಬಲಿನ ಆ ಭಾಗವನ್ನು ಓದಿದರು, ನಡುವೆ ಪುಸ್ತಕ ಮುಚ್ಚಿ ಮುಖ ಒರೆಸಿಕೊಂಡರು, ಉಳಿದದ್ದನ್ನು ನಾವೇ ಮನಸ್ಸಿನಲ್ಲಿ ಹೇಳಿಕೊಂಡೆವು.

ಇನ್ನು ಕೆಟ್ಟ ಸುದ್ದಿ. ಒಂದು ಮುಖ ಇಡಿಯಾಗಿದೆ. ದೊಡ್ಡ ಕಣ್ಣು, ಬಿಲ್ಲಿನಂಥ ಹುಬ್ಬು. ನೀಲಿ ಲಂಗದವಳ ಮುಖ ಇಲ್ಲ. ಆ ಜಾಗದಲ್ಲಿ ಎಲಿಸೆಯೊನ ಉಳಿ ಮಾಡಿದ ಗುಂಡಿಯಿದೆ. ನಿನ್ನ ತಮ್ಮ ನೆಲದ ಮೇಲೆ ಕುಸಿದು ಕೂತು ಚಿಕ್ಕ ಮಗುವಿನ ಹಾಗೆ ಅತ್ತ. "ನನ್ ಕೈ ಸೇದಿಹೋಗ್ಲಿ" ಅಂದ. ಡೊನ್ಯಾ ಎರ್ಮಿನಿಯಾ ಕೆಳಗಿಳಿದು ಬಂದು ಅವನ ಪಕ್ಕದಲ್ಲೇ ಕೂತರು. "ನೀವು ಹೊಡೀದೇ ಇದ್ದಿದ್ರೆ ಇದು ಇದೆ ಅಂತಾನೇ ಯಾರಿಗೂ ಗೊತ್ತಾಗ್ತಿರಲಿಲ್ಲ. ಸಂಜೆವರೆಗೆ ಹೊಡೆದಿದ್ರೆ ಇದು ಇರ್ತಾನೇ ಇರಲಿಲ್ಲ. ನಿಮ್ಮನ್ನ ನಿಲ್ಲಿಸಿದ್ದು ಯಾರು?" ಎಂದು ಕೇಳಿದರು. ಎಲ್ಲರೂ ನನ್ನ ಕಡೆ ಕೈ ತೋರಿಸಿದರು. "ನಾನಲ್ಲ. ನಿಯೆವೆಸ್" ಅಂದೆ.

ಇದನ್ನು ಒಂದೇ ಸಲ ಹೇಳುತ್ತೇನೆ, ಮತ್ತೆ ಹೇಳು ಎನ್ನಬೇಡ. ನೀನು ಆವತ್ತು ಮರ್ಯಾದೆಯಾಗಿ ಬಂದು ಹೊಸ್ತಿಲ ಮೇಲೆ ಬೀಗದಕೈ ಕೊಟ್ಟಿದ್ದರೆ ಅದು ಸರದಿಯಂತೆ ಮನೆಯಿಂದ ಮನೆಗೆ ಹೋಗುತ್ತಿತ್ತು. ಈ ಮಾರ್ಚಿನಲ್ಲಿ ಯಾವಳೋ ಪುಣ್ಯಾತ್ಗಿತ್ತಿಯ ಕೈಯಲ್ಲಿರುತ್ತಿತ್ತು, ಪಾದ್ರಿಗಳು ಕೇಳಿದ ಕೂಡಲೇ "ತಗೊಳ್ಳಿ ಸ್ವಾಮಿ" ಎಂದು ಕೊಟ್ಟುಬಿಡುತ್ತಿದ್ದಳು. ನಿನ್ನ ಆ ಕೆಟ್ಟ ನಡತೆಯಿಂದ ಗೋಡೆ ಉಳಿಯಿತು. ಇಷ್ಟು ವರ್ಷ ಅದಕ್ಕೆ ನಿನ್ನನ್ನು ಶಪಿಸಿದೆ. ಈಗ ಅದಕ್ಕೇ ನಿನಗೆ ಕೈ ಮುಗಿಯುತ್ತೇನೆ. ದೊಡ್ಡ ಉಪಕಾರವಾಯಿತು.

ಉತ್ತರದ ಗೋಡೆಯಲ್ಲಿ ಏನಿತ್ತೋ, ಇನ್ನು ಯಾರಿಗೂ ಗೊತ್ತಾಗುವುದಿಲ್ಲ. ಕಣಕ್ಕೆ ಹೋಗುವಾಗ ಈಗ ದಾರಿಯ ಅಂಚಿನಲ್ಲೇ ನಡೆಯುತ್ತೇನೆ.

ಅಂದ ಹಾಗೆ, ಮುಖ ಇರುವವಳು ನಾನು. ಮುಖ ಇಲ್ಲದವಳು ನೀನು. ಇಷ್ಟು ವರ್ಷ ಮುಖ ತೋರಿಸದವಳಿಗೆ ಅದು ಸರಿಯಾಗಿಯೇ ಇದೆ.

ನಿನ್ನ ಕಸಿಲ್ದಾ


ಬಾರ್ಸೆಲೋನಾ
೯ ಜೂನ್ ೧೯೭೪

ನನ್ನ ಕಸಿಲ್ದಾ,

ಕೂತುಕೊಂಡೇ ಓದಿದೆ. ಆಮೇಲೆ ಮೊದಲಿಂದ ಇನ್ನೊಮ್ಮೆ ಓದಿದೆ.

ಎಲಿಸೆಯೊನನ್ನು ನೋಡಿಕೋ. ಅವನು ಹೊರಗೆ ಕಬ್ಬಿಣ, ಒಳಗೆ ಬೆಣ್ಣೆ.

ನೀನು ಕೇಳಿಲ್ಲ, ಆದರೂ ಹೇಳುತ್ತೇನೆ. ಆವತ್ತು ಸೇತುವೆಯ ಹತ್ತಿರ ಅನ್ಸೆಲ್ಮೊ ಪೆಟ್ಟಿಗೆಗಳ ಜೊತೆ ಕಾಯುತ್ತಿದ್ದ. ಇಲ್ಲಿಯ ಗಿರಣಿಯಲ್ಲಿ ಅವನಿಗೆ ಕೆಲಸ ಸಿಕ್ಕಿತ್ತು, ಹೋಗಲೇಬೇಕಿತ್ತು. ನಾನು ಬೀಗದಕೈ ಹಿಡಿದು ನಿನ್ನ ಬಾಗಿಲಿಗೆ ಬಂದೆ. ತಟ್ಟಲು ಕೈ ಎತ್ತಿದ್ದೆ. ಒಳಗೆ ನೀನು ಹಸುವಿಗೆ ಬೈಯುತ್ತಿದ್ದೆ, "ನಿಮ್ಮಮ್ಮಂಗಾದ್ರೂ ಮರ್ಯಾದೆ ಇತ್ತು, ನಿಂಗೆ ಅದೂ ಇಲ್ಲ" ಎಂದು. ನಗು ಬಂತು, ನಗುವಿನ ಹಿಂದೆಯೇ ಅಳು. ನಿನ್ನ ಮುಖ ನೋಡಿಕೊಂಡು "ಇದ್ದದ್ದು ಇದ್ದ ಹಾಗೇ ಇದೆ" ಎಂದು ಹೇಗೆ ಹೇಳಲಿ? ನಾನೇ ಇರುವುದಿಲ್ಲವಲ್ಲ. ಬಾಗಿಲು ತೆರೆದಿದ್ದರೆ ಹೋಗುತ್ತಿರಲಿಲ್ಲ. ಅದಕ್ಕೇ ಮೊಳೆ.

ಸಾನ್ ಪೆಲಾಯೊಗೆ ಬರುತ್ತೇನೆ. ರಜೆ ಕೇಳಿದ್ದೇನೆ, ಡೊನ್ಯಾ ಎರ್ಮಿನಿಯಾ ಶಿಫಾರಸು ಮಾಡಿದ್ದಾರೆ. ಬೀಗದಕೈಯನ್ನು ಸರಿಯಾಗಿ ಕೊಡುತ್ತೇನೆ, ಊರೆಲ್ಲ ನೋಡಲಿ. ಆಮೇಲೆ ಸರದಿ ಮತ್ತೆ ನಡೆಯಲಿ.

ಮುಖ ಇರುವವಳು ನೀನಂತೂ ಅಲ್ಲ. ಅವಳು ಬಾಯಿ ಮುಚ್ಚಿಕೊಂಡಿದ್ದಾಳೆಂದು ಡೊನ್ಯಾ ಎರ್ಮಿನಿಯಾ ಹೇಳಿದರು.

ನಿನ್ನವಳೇ ಆದ,
ನಿಯೆವೆಸ್


ಬಾರ್ಸೆಲೋನಾ
೪ ಜುಲೈ ೧೯೭೪

ಕಸಿಲ್ದಾ,

ಸುಖವಾಗಿ ಬಂದು ಸೇರಿದೆ. ನೀನು ಕಟ್ಟಿಕೊಟ್ಟ ಸೋಂಪಿನ ಬಳೆರೊಟ್ಟಿಗಳನ್ನು ರೈಲಿನಲ್ಲಿ ಎದುರಿಗಿದ್ದ ಸಿಪಾಯಿ ಹುಡುಗರು ಅರ್ಧ ಖಾಲಿ ಮಾಡಿದರು. ಉಳಿದರ್ಧ ಡೊನ್ಯಾ ಎರ್ಮಿನಿಯಾಗೆ ಕೊಟ್ಟೆ.

ಕೆಲಸಕ್ಕೆ ಹೋದಾಗ ನೆಲ ಒರೆಸುತ್ತಾ ಹಾಡುತ್ತಿದ್ದೆನಂತೆ, ಕಾವಲುಗಾರ ಬಂದು ಸುಮ್ಮನಿರಿಸಿದ. ಹೇಗೆ ಸುಮ್ಮನಿರಲಿ? ನಾವು ಆ ಗೋಡೆಯ ಮುಂದೆ ಹೆಗಲಿಗೆ ಹೆಗಲು ಕೊಟ್ಟು ನಿಂತದ್ದು, ನಿನ್ನ ಹಾಸಿಗೆಯ ಕಾಲ ಬಳಿ ಕೂತು ಆಡಿದ ಮಾತು, ಕಲ್ಲುಮುಖಗಳನ್ನು ತೋರಿಸಿ ಯಾರ್ಯಾರ ಹೆಸರಿಟ್ಟೆವೆಂದು ನೆನೆದು ನಕ್ಕದ್ದು, ಇಷ್ಟು ಸಿಕ್ಕಿತಲ್ಲ ಈ ವಯಸ್ಸಿನಲ್ಲಿ. ದೇವರು ನನ್ನನ್ನು ಮರೆತಿಲ್ಲ.

ಆದರೆ ಒಂದು ಬಾಕಿಯಿದೆ. ಊರೆಲ್ಲ ಸೇರಿತ್ತು. ಎಲಿಸೆಯೊ ರೊಟ್ಟಿ ಹಿಡಿದು ನಿಂತಿದ್ದ. ನಾನು ಹೊಸ್ತಿಲ ಒಳಗೆ, ನೀನು ಹೊರಗೆ. ಬೀಗದಕೈ ಚಾಚಿದೆ. "ಇದ್ದದ್ದು ಇದ್ದ ಹಾಗೇ" ಎಂದೆ, ಅಲ್ಲಿಗೆ ನಾಲಿಗೆ ನಿಂತುಹೋಯಿತು. ಬೆನ್ನ ಹಿಂದೆ ಆ ಮುಖವಿಲ್ಲದವಳು ಇದ್ದಳಲ್ಲ. ಅಷ್ಟರಲ್ಲಿ ನೀನು ಕಳ್ಳ ಹುಡುಗಿಯ ಹಾಗೆ ಎರಡೂ ಕೈ ಬೆನ್ನ ಹಿಂದೆ ಇಟ್ಟುಕೊಂಡು, "ಹೋಗೇ, ನಂಗೆ ಬೇಡ!" ಅಂದೆ. ಊರೆಲ್ಲ ನಕ್ಕಿತು, ಡಾನ್ ಅಬೀಲಿಯೊ ಎಲ್ಲರಿಗಿಂತ ಜೋರಾಗಿ ನಕ್ಕರು, ತಮಟೆ ಶುರುವಾಯಿತು, ರೊಟ್ಟಿ ಮುರಿದೆವು, ಕುಣಿದೆವು. ಆಮೇಲೆ ನಾನು ಎರಡು ಸಲ ಕೇಳಿದೆ, ಎರಡು ಸಲವೂ ನೀನು ಕೋಳಿಗಳ ಕಡೆ ಎದ್ದು ಹೋದೆ. ಹೊರಡುವಾಗ ಮತ್ತೆ ನಿನ್ನ ಬಾಗಿಲ ಮೊಳೆಗೇ ಹಾಕಿ ಬಂದೆ. ಈ ಸಲ ನಿನ್ನ ಕಣ್ಣೆದುರಿಗೇ.

ಯಾಕೆ ತೆಗೆದುಕೊಳ್ಳಲಿಲ್ಲ? ನನ್ನ ಮೇಲೆ ಇನ್ನೂ ಸಿಟ್ಟಿದ್ದರೆ ಹೇಳು. ತಡೆದುಕೊಳ್ಳುತ್ತೇನೆ.

ನಿಯೆವೆಸ್


ವಿಲ್ಯಾಸೆರ್ನಾ
೧೨ ಜುಲೈ ೧೯೭೪

ನಿಯೆವೆಸ್,

ಸಿಟ್ಟಂತೆ ಸಿಟ್ಟು! ಬಳೆರೊಟ್ಟಿ ಸಿಪಾಯಿಗಳಿಗೆ ಕೊಟ್ಟದ್ದಕ್ಕೆ ಸಿಟ್ಟಿದೆ, ಬೇರೆ ಯಾವುದಕ್ಕೂ ಇಲ್ಲ.

ಮೊದಲು ಒಳ್ಳೆಯ ಸುದ್ದಿ. ಸುಗ್ಗಿ ಮುಗಿದ ಮೇಲೆ ಸೂರು ಹೊಸದಾಗುತ್ತದೆ. ನೆರವು ಮಂಜೂರಾಯಿತೆಂದು ಡಾನ್ ಅಬೀಲಿಯೊ ಬೈಕು ನಿಲ್ಲಿಸುವ ಮೊದಲೇ ಕೂಗಿಕೊಂಡು ಬಂದರು. ಕಾರಿನಲ್ಲಿ ಜನ ಬರುತ್ತಿದ್ದಾರೆ. ಎಲಿಸೆಯೊ ಕುಲುಮೆ ಬಿಟ್ಟು ಅವರಿಗೆಲ್ಲ ಗೋಡೆ ತೋರಿಸುತ್ತಾನೆ. ಆ ಗುಂಡಿ ಯಾರು ಮಾಡಿದ್ದೆಂದು ಕೇಳಿದರೆ "ನಾನೇ" ಎನ್ನುತ್ತಾನೆ. ಈಗ ಅಳುವುದಿಲ್ಲ. ಅದನ್ನು ಮುಚ್ಚಿ ಹೊಸ ಮುಖ ಬರೆಯಲೇ ಎಂದು ಡೊನ್ಯಾ ಎರ್ಮಿನಿಯಾ ಬರೆದು ಕೇಳಿದ್ದರು. ಬೇಡವೆಂದೆವು.

ಈಗ ನಿನ್ನ ಪ್ರಶ್ನೆ. ಆವತ್ತು ಊರೆದುರು ಹೇಳಲು ನಾಚಿಕೆಯಾಯಿತು. ಕಾಗದದ ಮೇಲೆ ಹೇಳುತ್ತೇನೆ.

ಬೀಗದಕೈ ನನ್ನದಾದರೆ ನಾಳೆ ಯಾರಾದರೂ ಬಂದು ನಯವಾಗಿ ಕೇಳಿದಾಗ ಕೊಡದಿರಲು ನನ್ನ ಬಳಿ ಏನಿದೆ? ಬಿಷಪ್ಪರಿಗೆ, ಮ್ಯೂಸಿಯಮ್ಮಿನವರಿಗೆ, ನನ್ನ ಗಂಡನಿಗೆ, ಯಾರಿಗೆ ಎಂದು ಇಲ್ಲವೆನ್ನಲಿ? ನನ್ನದಲ್ಲದ್ದನ್ನು ಮಾತ್ರ ಯಾರೂ ನನ್ನಿಂದ ಕೇಳಿ ಪಡೆಯಲಾರರು. ಇದು ಗೋಡೆಯ ಸಲುವಾಗಿ.

ಇನ್ನೊಂದು ನನ್ನ ಸಲುವಾಗಿ. ನಾನು ತೆಗೆದುಕೊಂಡಿದ್ದರೆ ನಿನ್ನ ಕೆಲಸ ಮುಗಿಯುತ್ತಿತ್ತು, ಋಣ ಹರಿಯುತ್ತಿತ್ತು. ಆಮೇಲೆ ನೀನು ಯಾಕೆ ಬರುತ್ತೀಯ? ಮುಂದಿನ ಸಾನ್ ಪೆಲಾಯೊಗೆ ಬಾ, ಹೊಸ್ತಿಲ ಒಳಗೆ ನಿಂತು ಕೊಡು. ನಾನು ಬೇಡ ಎನ್ನುತ್ತೇನೆ. ರೊಟ್ಟಿ ಮುರಿಯೋಣ. ಅದರ ಮುಂದಿನ ವರ್ಷವೂ ಬಾ. ನಮ್ಮಿಬ್ಬರಲ್ಲಿ ಒಬ್ಬರಿಗೆ ಕಾಲು ಸೋಲುವವರೆಗೂ ಹೀಗೇ ನಡೆಯಲಿ. ನನಗೆ ಬೇಕಾದದ್ದು ಬೀಗದಕೈ ಅಲ್ಲ ಕಣೇ, ಅದನ್ನು ಹಿಡಿದುಕೊಂಡು ಬರುವವಳು.

ಅದು ಮೊಳೆಯ ಮೇಲಿದೆ. ಇದ್ದ ಹಾಗೇ ಇರಿಸ್ತೀನಿ.

ಕಸಿಲ್ದಾ